ಗವಿರಂಗನ ಇಮೇಲ್ ವಿಳಾಸ

ಇದೇನು ರಾಜರ ಕಾಲದ ಕತೆಯಲ್ಲ, ಊರಿಗೆ ಜೆರಾಕ್ಸ್ ಅಂಗಡಿ ಬಂದ ಮೇಲಿನದು. ನಗುವವರು ನಗಿ, ಆದರೆ ಜುಂಜಮ್ಮನ ಮುಂದೆ ಮಾತ್ರ ನಗಬೇಡಿ. ಅವಳ ಹೊಟ್ಟೆ ಉರಿ ಅವಳಿಗೇ ಗೊತ್ತು.

ಜುಂಜಮ್ಮ ಹುಡುಗರ ಹಾಸ್ಟೆಲಿನಲ್ಲಿ ಅಡುಗೆಯವಳು. ಗಂಡ ತೀರಿಕೊಂಡ ಮೇಲೆ ಹಾಸ್ಟೆಲಿನ ಹಿಂದಿನ ಒಂದು ಕೋಣೆಯೇ ಅವಳಿಗೂ ಮಗನಿಗೂ ಮನೆ. ಮಗನ ಹೆಸರು ಗವಿರಂಗ. ಇಪ್ಪತ್ತಮೂರು ವರ್ಷ, ಗಟ್ಟಿಮುಟ್ಟಾದ ಆಳು. ಏನು ಹೇಳಿದರೂ ಹೂಂ ಅನ್ನುವನು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ತೊಂದರೆ ಇದ್ದದ್ದೇ ಅಲ್ಲಿ. ಒಂದು ದಿನ ಜುಂಜಮ್ಮ ಅವನಿಗೆ ಬೇಳೆ ಬೆಂದಿದೆಯಾ ನೋಡು ಅಂತ ಹೇಳಿ ನೀರು ತರಲು ಹೋದಳು. ಬಂದು ನೋಡುತ್ತಾಳೆ, ನೂರು ಹುಡುಗರ ಸಾರಿನ ಬೇಳೆಯನ್ನೆಲ್ಲ ಮೊರದಲ್ಲಿ ಹರವಿಕೊಂಡು ಒಂದೊಂದೇ ಕಾಳು ಹಿಸುಕಿ ನೋಡುತ್ತ ಕೂತಿದ್ದಾನೆ. ಬೆಂದದ್ದು ಈ ಕಡೆ, ಬೇಯದ್ದು ಆ ಕಡೆ. ಹುಡುಗರು ಅವತ್ತು ಬರೀ ಮಜ್ಜಿಗೆಯಲ್ಲಿ ಉಂಡರು.

ಹಾಗೂ ಹೀಗೂ ದಿನ ಹೋಗುತ್ತಿತ್ತು. ಅಷ್ಟರಲ್ಲಿ ಜುಂಜಮ್ಮನಿಗೆ ವಯಸ್ಸಾಯಿತು, ಮೇ ಮೂವತ್ತೊಂದಕ್ಕೆ ನಿವೃತ್ತಿ ಅಂತ ಕಾಗದ ಬಂತು. ನಿವೃತ್ತಿ ಆದಮೇಲೆ ಕೋಣೆ ಖಾಲಿ ಮಾಡಬೇಕು, ಹೊಸ ಅಡುಗೆಯವರು ಬರುತ್ತಾರೆ. ಎಲ್ಲಿಗೆ ಹೋಗುವುದು? ಆಗ ಯಾರೋ ಹೇಳಿದರು, ಊರಾಚೆಯ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸ ಇದೆ, ಗೇಟಿನ ಪಕ್ಕದಲ್ಲೇ ಎರಡು ಕೋಣೆಯ ಮನೆಯನ್ನೂ ಕೊಡುತ್ತಾರೆ ಅಂತ. ಅವತ್ತಿನಿಂದ ಜುಂಜಮ್ಮನಿಗೆ ಅದೇ ಜಪ. ಮಗನಿಗೆ ಕೆಲಸ ಸಿಕ್ಕರೆ ತಲೆ ಮೇಲೆ ಸೂರು, ಇಲ್ಲದಿದ್ದರೆ ಬೀದಿ.

ಗವಿರಂಗ ಬಯೋಡೇಟಾ ಬರೆಸಿಕೊಂಡು ಹೋದ. ಕಾರ್ಖಾನೆಯ ಮ್ಯಾನೇಜರು ಪಂಚಾಕ್ಷರಿ ಅಂತ, ಕಟ್ಟುನಿಟ್ಟಿನ ಮನುಷ್ಯ. ಹಾಳೆ ಮೇಲಿಂದ ಕೆಳಕ್ಕೆ ನೋಡಿ ವಾಪಸ್ ಕೊಟ್ಟ. ಇದರಲ್ಲಿ ಇಮೇಲ್ ವಿಳಾಸವೇ ಇಲ್ಲವಲ್ಲ, ಅದಿಲ್ಲದೆ ನಿನಗೆ ಸುದ್ದಿ ಮುಟ್ಟಿಸುವುದು ಹೇಗೆ, ಹಾಕಿಕೊಂಡು ಬಾ ಅಂದ. ಗೇಟು ಕಾಯುವವನಿಗೂ ಇಮೇಲು ಬೇಕಾದ ಕಾಲ ನೋಡಿ ಇದು.

ಹೂಂ ಅಂದ ಗವಿರಂಗ. ಹಾಸ್ಟೆಲಿನ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಗೆ ಕಾಗದ ಬರಬೇಕಾದರೂ ಮರುಳಪ್ಪನ ಜೆರಾಕ್ಸ್ ಅಂಗಡಿಯ ಕೇರಾಫ್ ವಿಳಾಸ ಕೊಡುವುದು, ಆಮೇಲೆ ಹೋಗಿ ತರುವುದು. ಕಾಗದಕ್ಕೆ ಮರುಳಪ್ಪನ ಅಂಗಡಿ ಆದಮೇಲೆ ಇಮೇಲಿಗೆ ಇನ್ಯಾರ ಅಂಗಡಿ? ಅಂಗಡಿಯ ಬೋರ್ಡಿನ ಮೇಲೆ ಇದ್ದ ಇಮೇಲನ್ನೇ ಒಂದಕ್ಷರ ಬಿಡದೆ ಇಳಿಸಿಕೊಂಡ, ಹಾಳೆ ಕೊಟ್ಟು ಬಂದ.

ಗುರುವಾರ ಸಂದರ್ಶನಕ್ಕೆ ಬಾ ಅಂತ ಕಾರ್ಖಾನೆಯವರು ಇಮೇಲ್ ಕಳಿಸಿಯೂ ಕಳಿಸಿದರು. ಅದು ಹೋಗಿ ಮರುಳಪ್ಪನಿಗೆ ಬರುವ ನೂರಾರು ಜೆರಾಕ್ಸ್ ಫೈಲುಗಳ ನಡುವೆ ಸೇರಿಕೊಂಡಿತು. ಅವನು ಕಂಡಿದ್ದು ಶನಿವಾರ. ಅಷ್ಟರಲ್ಲಿ ಕೆಲಸ ಬೇರೆಯವನ ಪಾಲಾಗಿತ್ತು. ಜುಂಜಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೇ ಕುಸಿದಳು.

ಮರುಳಪ್ಪನಿಗೆ ಪಾಪ ಅನಿಸಿತು. ಅವನೇ ಗವಿರಂಗನ ಹೆಸರಲ್ಲಿ ಒಂದು ಇಮೇಲ್ ಮಾಡಿಕೊಟ್ಟ, ತೆರೆದು ನೋಡುವುದನ್ನೂ ಕಲಿಸಿದ, ಆಮೇಲೆ ಬೈದ. ‘ನೋಡೋ, ಇದು ನಿನ್ನ ಸ್ವಂತದ್ದು. ಬೇರೆಯವರ ಕೈಗೆ ಸಿಕ್ಕಿದ್ರೆ ಕೆಟ್ಟೆ. ಜೋಪಾನವಾಗಿ ಮುಚ್ಚಿಟ್ಕೋ.’

ಹೂಂ ಅಂದ ಗವಿರಂಗ.

ಅದೃಷ್ಟ ನೋಡಿ, ಗೇಟಿಗೆ ಸೇರಿದ್ದವನು ಹದಿನೈದೇ ದಿನ ಇದ್ದ. ಯಾರು ಬಂದು ಕೈ ಮುಗಿದರೂ ಗೇಟು ತೆಗೆದುಬಿಡುತ್ತಿದ್ದನಂತೆ. ಮೂಟೆಗಟ್ಟಲೆ ಕೊಬ್ಬರಿ ಆಚೆ ಹೋದ ಮೇಲೆ ಪಂಚಾಕ್ಷರಿ ಅವನನ್ನೂ ಆಚೆ ಕಳಿಸಿದ. ಮತ್ತೆ ಕೆಲಸ ಖಾಲಿ. ಜುಂಜಮ್ಮ ಮಗನ ಹಣೆಗೆ ವಿಭೂತಿ ಹಚ್ಚಿ ಮತ್ತೆ ಕಳಿಸಿದಳು.

ಪಂಚಾಕ್ಷರಿ ಹಾಳೆ ನೋಡುತ್ತಾನೆ, ಹೆಸರಿದೆ, ಊರಿದೆ, ಇಮೇಲ್ ಇರಬೇಕಾದ ಕಡೆ ದಪ್ಪ ರಟ್ಟಿನ ತುಂಡು ಅಂಟಿಸಿದೆ! ಇದೇನು ಅಂದರೆ, ಜೋಪಾನವಾಗಿ ಮುಚ್ಚಿಟ್ಟಿದ್ದೀನಿ ಸಾರ್, ಬೇರೆಯವರ ಕೈಗೆ ಸಿಕ್ಕಬಾರದು ಅಂದ. ಪಂಚಾಕ್ಷರಿ ರಟ್ಟು ಕಿತ್ತ, ಹಾಳೆಯೂ ಕಿತ್ತುಬಂತು. ವಿಳಾಸ ಮುಚ್ಚಿಡುವುದಕ್ಕಲ್ಲ ಕಣಯ್ಯಾ ಇರುವುದು, ಕಾರ್ಖಾನೆಗೆ ಬಂದವರಿಗೆ ಕಣ್ಣಿಗೆ ಹೊಡೆಯುವ ಹಾಗೆ ಇರಬೇಕು, ಹಾಗೆ ಬರೆದು ತಾ ಅಂತ ಗದರಿಸಿ ಕಳಿಸಿದ.

ಹೂಂ ಅಂದ ಗವಿರಂಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ.

ಮಾರನೇ ದಿನ ಪಂಚಾಕ್ಷರಿ ಕೆಲಸಕ್ಕೆ ಬಂದವನು ಗಾಡಿ ಮೇಲೇ ಕಲ್ಲಾದ. ಮೊನ್ನೆ ಮೊನ್ನೆ ಹಳದಿ ಬಣ್ಣ ಬಳಿಸಿದ ಕಾಂಪೌಂಡು ಗೋಡೆ. ಅದರ ಈ ಮೂಲೆಯಿಂದ ಆ ಮೂಲೆವರೆಗೂ ಕೆಮ್ಮಣ್ಣಲ್ಲಿ ಆಳೆತ್ತರದ ಅಕ್ಷರ. ಗವಿರಂಗನ ಇಮೇಲ್ ವಿಳಾಸ! ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಯಿಂದ ತಲೆ ಹಾಕಿ ಓದಿಕೊಂಡು ಹೋಗುತ್ತಿದ್ದಾರೆ. ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಗವಿರಂಗ, ಕಾಣುತ್ತಾ ಸಾರ್ ಅಂತ ಕೇಳಿದ.

ಪಂಚಾಕ್ಷರಿಯ ಬಾಯಿಂದ ಬರೀ ಬೈಗುಳ ಹೊರಟಿತು. ಸಂಜೆಯೊಳಗೆ ಈ ಗೋಡೆಯ ಮೇಲೆ ಒಂದಕ್ಷರವೂ ಉಳಿಯಬಾರದು, ಉಜ್ಜು ಅಂತ ಕೂಗಾಡಿ ಒಳಗೆ ಹೋದ. ಗವಿರಂಗ ಊಟಕ್ಕೂ ಏಳದೆ ಉಜ್ಜಿದ. ಸಂಜೆ ಪಂಚಾಕ್ಷರಿ ಹೊರಗೆ ಬಂದು ನೋಡಿದರೆ ಇಮೇಲೂ ಇಲ್ಲ, ಗೇಟಿನ ಪಕ್ಕ ದೊಡ್ಡದಾಗಿ ಬರೆಸಿದ್ದ ಕಾರ್ಖಾನೆಯ ಹೆಸರೂ ಇಲ್ಲ! ಒಂದಕ್ಷರವೂ ಉಳಿದಿರಲಿಲ್ಲ.

ಸುದ್ದಿ ಕೇಳಿ ಜುಂಜಮ್ಮ ಓಡಿ ಬಂದಳು. ಕಾಲು ಹಿಡಿಯುವುದೊಂದು ಬಾಕಿ. ‘ಸ್ವಾಮಿ, ನನ್ನ ಮಗ ಕೆಟ್ಟವನಲ್ಲ. ಹೇಳ್ದಷ್ಟೇ ಮಾಡ್ತಾನೆ. ಅದಕ್ಕಿಂತ ಜಾಸ್ತೀನೂ ಇಲ್ಲ, ಕಮ್ಮೀನೂ ಇಲ್ಲ.’

ಬೈಯಲು ಬಾಯಿ ತೆರೆದಿದ್ದ ಪಂಚಾಕ್ಷರಿ ಹಾಗೇ ನಿಂತ. ಬೋಳು ಗೋಡೆ ನೋಡಿದ, ಗವಿರಂಗನನ್ನು ನೋಡಿದ. ಚೀಟಿ ಇಲ್ಲದೆ ಯಾರಿಗೂ ಗೇಟು ತೆಗೆಯಬೇಡ ಅಂತ ಇವನಿಗೆ ಹೇಳಿದರೆ, ನಾನೇ ಬಂದರೂ ಇವನು ತೆಗೆಯುವುದಿಲ್ಲ. ನನ್ನ ಗೇಟಿಗೆ ಬೇಕಾದವನು ಇವನೇ! ಹಾಗಂದುಕೊಂಡು ತಣ್ಣಗಾದ. ಅವನ ವಿಳಾಸವನ್ನು ಕೇಳಿ ಹೊಸ ಹಾಳೆಯಲ್ಲಿ ಹೆಸರಿನ ಕೆಳಗೆ ಒಂದು ಸಾಲಿನಲ್ಲಿ ತಾನೇ ಬರೆದುಕೊಂಡು, ಕೊನೆಯದಾಗಿ ಒಂದು ಬುದ್ಧಿ ಹೇಳಿದ. ‘ನಮ್ಮ ಹೆಸರು ಹೇಳ್ಕೊಂಡು ಕೆಲಸ ಕೊಡಿಸ್ತೀವಿ ಅಂತ ಮೋಸ ಮಾಡೋರು ಇದಾರೆ. ಯಾರು ಬಾಯಲ್ಲಿ ಏನೇ ಹೇಳ್ಲಿ, ನಂಬಬೇಡ. ನಾವು ಕೊಡೋದೆಲ್ಲ ಇಮೇಲಲ್ಲೇ ಬರುತ್ತೆ.’

ಹೂಂ ಅಂದ ಗವಿರಂಗ. ಅವತ್ತಿನಿಂದ ದಿನಾ ಮರುಳಪ್ಪನ ಅಂಗಡಿಗೆ ಹೋಗಿ ತೆರೆದು ನೋಡಿದ. ಬಂತು! ಮೇ ಮೂವತ್ತೊಂದು, ಬೆಳಿಗ್ಗೆ ಹತ್ತು ಗಂಟೆಗೆ ಬಾ ಅಂತ.

ಜುಂಜಮ್ಮ ಅವತ್ತು ಬೆಳಿಗ್ಗೆಯೇ ಟ್ರಂಕು, ಹಾಸಿಗೆ, ಪಾತ್ರೆ ಎಲ್ಲ ಕಟ್ಟಿದಳು. ಹೊಸ ಅಡುಗೆಯವಳು ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು, ಸಾಮಾನನ್ನು ಲಗೇಜ್ ಆಟೋಕ್ಕೆ ಹೇರಿಸಿ, ಮಗ ಬರಲಿ ಅಂತ ಹಾಸ್ಟೆಲಿನ ಮುಂದೆ ಕಾದಳು.

ಅತ್ತ ಕಾರ್ಖಾನೆಯಲ್ಲಿ ಪಂಚಾಕ್ಷರಿ ಒಳ್ಳೆಯ ಮನಸ್ಸಿನಲ್ಲಿದ್ದ. ಕೆಲಸ ನಿನ್ನದೇ ಕಣಯ್ಯಾ ಅಂದ. ಗೇಟಿನ ಪಕ್ಕದ ಮನೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಸಂಜೆ ಐದರೊಳಗೆ ಅವ್ವನನ್ನು ಕರೆದುಕೊಂಡು ಬಂದು ಸೇರಿಕೋ, ಗೇಟು ಒಂದು ರಾತ್ರಿಯೂ ಖಾಲಿ ಇರುವ ಹಾಗಿಲ್ಲ, ನೀನು ಬರದಿದ್ದರೆ ರೇವಣ್ಣ ಅಂತ ಇನ್ನೊಬ್ಬ ಕಾಯುತ್ತಿದ್ದಾನೆ ಅಂದ.

ಗವಿರಂಗ ಬೀಗದ ಕೈ ನೋಡಿದ. ಮ್ಯಾನೇಜರ ಬಾಯಿ ನೋಡಿದ. ಕೈ ಮಾತ್ರ ಚಾಚಲಿಲ್ಲ. ‘ಇಮೇಲ್ ಮಾಡಿ ಸಾರ್’ ಅಂದು ನಮಸ್ಕಾರ ಮಾಡಿ ಹೊರಟುಬಂದ. ತಾಯಿಯನ್ನು ಕರೆತರಲು ಅವಸರ ಮಾಡುತ್ತಿದ್ದಾನೆ ಅಂದುಕೊಂಡ ಪಂಚಾಕ್ಷರಿ, ನಕ್ಕು ಸುಮ್ಮನಾದ.

ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ಮಗ ಬರಲಿಲ್ಲ. ಜುಂಜಮ್ಮ ಆಟೋದವನಿಗೆ ಹೇಳಿ ಕಾರ್ಖಾನೆಯ ಕಡೆಗೇ ಹೊರಟಳು. ಗೇಟಿನ ಹತ್ತಿರ ಇಳಿದಾಗ ಐದು ದಾಟಿತ್ತು. ಮನೆಯ ಬಾಗಿಲು ತೆರೆದಿತ್ತು. ಒಳಗೆ ರೇವಣ್ಣನ ಹೆಂಡತಿ ಹಾಲು ಉಕ್ಕಿಸುತ್ತಿದ್ದಳು. ಪಂಚಾಕ್ಷರಿ ಎದುರು ಬಂದು, ಎಲ್ಲಿದ್ದಾನಮ್ಮ ನಿನ್ನ ಮಗ, ಬೀಗದ ಕೈ ಮುಂದಿಟ್ಟರೂ ತೆಗೆದುಕೊಳ್ಳದೆ ಹೋದನಲ್ಲ ಅಂದ.

ಅವಳು ಮರುಳಪ್ಪನ ಅಂಗಡಿಗೆ ಓಡಿದಳು. ಗವಿರಂಗ ಅಲ್ಲಿದ್ದ. ಕಂಪ್ಯೂಟರಿನ ಮುಂದೆ ಮೊಣಕಾಲೂರಿ ಕೂತು, ಹೆಗಲ ಟವೆಲನ್ನು ಅದರ ಕೆಳಗೆ ಎರಡೂ ಕೈಯಲ್ಲಿ ಹರವಿ ಹಿಡಿದಿದ್ದ. ಬೆಳಿಗ್ಗೆಯಿಂದ ಹೀಗೇ ಕೂತಿದ್ದಾನೆ, ಯಾಕೆ ಅಂದರೆ ಹೇಳುತ್ತಿಲ್ಲ ಅಂದ ಮರುಳಪ್ಪ. ಮನೆ ಹೋಯ್ತಲ್ಲೋ ಮಗನೇ, ಏನು ಮಾಡುತ್ತಿದ್ದೀಯೋ ಇಲ್ಲಿ ಅಂತ ಜುಂಜಮ್ಮ ಅತ್ತಳು.

ಗವಿರಂಗ ಪರದೆಯಿಂದ ಕಣ್ಣು ಕೀಳಲಿಲ್ಲ.

‘ಅಳಬೇಡ ಕಣವ್ವ. ವಿಳಾಸ ಈ ಸಲ ಸರಿಯಾಗೇ ಇದೆ. ಬೀಗದ ಕೈ ಕಬ್ಬಿಣದ್ದು ನೋಡು, ಅದಕ್ಕೇ ಬರೋದು ಒಸಿ ತಡ ಆಗ್ತಾ ಇದೆ.’