ಅವ್ವನ ದಾಸವಾಳ

ನೇಮಿರಾಜಯ್ಯನವರು ಹೊಳೆದಂಡೆಯ ಆಶ್ರಮದ ಜಗಲಿಯಲ್ಲಿ ಕೂತಿದ್ದರು. ಆಶ್ರಮ ಸೇರುವ ಮುಂಚೆ ಅವರು ಫೋಟೋಗ್ರಾಫರ್. ಧ್ಯಾನ ಕಲಿಸಿ ಎಂದು ಬಂದವರಿಗೂ ಕ್ಯಾಮೆರಾ ಹಿಡಿಯುವುದನ್ನೇ ಕಲಿಸುತ್ತಿದ್ದರು.

ಶಿಷ್ಯೆ ವನಜಾಕ್ಷಿ ಬಂದವಳು ನಮಸ್ಕಾರವನ್ನೂ ಮಾಡದೆ ಕುಸಿದು ಕೂತಳು. ಕೊರಳಿನ ಕ್ಯಾಮೆರಾ ಎತ್ತಿ ಒಂದು ಚಿತ್ರ ತೋರಿಸಿದಳು. ಕಪ್ಪು ಹಿನ್ನೆಲೆಯಲ್ಲಿ ಕಡುಗೆಂಪು ದಾಸವಾಳ.

"ಚೆನ್ನಾಗಿದೆಯಲ್ಲಮ್ಮ," ಎಂದರು ಗುರುಗಳು.

"ಎಂಥ ಸೆಟ್ಟಿಂಗ್ ಇಟ್ರೆ ನಮ್ಮವ್ವ ನಂಬ್ತಾರೆ, ಅದನ್ನ ಹೇಳಿ ಗುರುಗಳೇ."

ಆದದ್ದು ಇಷ್ಟು. ಅವಳ ಅವ್ವ ಹಾಸಿಗೆ ಹಿಡಿದು ಮಳೆಗಾಲ, ಚಳಿಗಾಲ ಎರಡೂ ಕಳೆದಿದ್ದವು. ಡಾಕ್ಟರು ಕೈಚೆಲ್ಲಿದ್ದರು. ಮಹಡಿಯ ಸಿಮೆಂಟು ತೊಟ್ಟಿಯಲ್ಲಿ ಅವ್ವ ನೆಟ್ಟ ದಾಸವಾಳವೂ ಸೊರಗಿತ್ತು. ಅದರಲ್ಲಿ ಒಂದು ಮೊಗ್ಗು ಬಂದಿದೆ ಎಂದಾಗ ಅವ್ವ, "ಅರಳಿದ ದಿನ ತೋರಿಸವ್ವ, ಅಷ್ಟು ಸಾಕು" ಎಂದಿದ್ದರು. ನಿನ್ನೆ ಬೆಳಿಗ್ಗೆ ಅದು ಅರಳಿತ್ತು.

"ಅರಳಿತೇನವ್ವ ಅಂತ ಅವ್ವ ಕೆಳಗಿಂದ ಕೂಗ್ತಾನೇ ಇದ್ರು. ಒಂದು ನಿಮಿಷ ಅಂತ ನಾನೂ ಹೇಳ್ತಾನೇ ಇದ್ದೆ. ಎಲ್ಲಾ ಮುಗಿಸಿ ತೋರಿಸಿದ್ರೆ, ಇದು ಯಾರ ಮನೇದು ಅಂದ್ರು."

"ಯಾಕೆ?"

"ಅವರ ಹೂವು ತಿಳಿಗೆಂಪು. ನಾನು ಬಣ್ಣ ಏರಿಸಿದ್ದೆ. ಎಸಳಲ್ಲಿ ಹುಳ ತಿಂದ ತೂತಿತ್ತು, ಅದನ್ನೂ ಮುಚ್ಚಿದ್ದೆ."

"ತಿದ್ದದೇ ಇರೋದನ್ನ ತೋರಿಸ್ಬೇಕಿತ್ತು."

"ತೋರಿಸ್ದೆ. ಅದರಲ್ಲೂ ಹಿಂದಿನದೆಲ್ಲ ಮಸುಕು. ಲೆನ್ಸಿನ ಅಪರ್ಚರ್ ಪೂರ್ತಿ ತೆರೆದಿದ್ದೆ. ತೊಟ್ಟಿ ಕಾಣಲ್ಲ, ಗೋಡೆ ಕಾಣಲ್ಲ. 'ಆಗಲೇ ಒಂದು ತೋರಿಸ್ದೆ, ಈಗ ಇನ್ನೊಂದು. ಗಿಡ ಸತ್ತೋಯ್ತು ಅಂತ ಹೇಳ್ಬಾರ್ದಾ?' ಅಂದ್ರು. ಗೋಡೆ ಕಡೆ ತಿರುಗಿ ಮಲಗಿದವರು ನೀರೂ ಮುಟ್ಟಿಲ್ಲ."

ಗುರುಗಳ ಮುಖ ಸಣ್ಣದಾಯಿತು. ಹಿಂದಿನದನ್ನು ಮಸುಕು ಮಾಡು, ಹೂವೊಂದೇ ಕಾಣಲಿ ಎಂದು ಕಲಿಸಿದ್ದು ಅವರೇ.

"ಕಿತ್ತು ಕೈಗೆ ಕೊಡಬಹುದಿತ್ತಲ್ಲಮ್ಮ?"

"ಸಂಜೆ ಬೆಳಕಲ್ಲಿ ಇನ್ನೊಂದು ಸಲ ತೆಗೆಯೋಣ ಅಂತ ಬಿಟ್ಟಿದ್ದೆ." ಅವಳಿಗೆ ಅಳು ಉಕ್ಕಿ ಬಂತು. "ಹೋಗಿ ನೋಡಿದ್ರೆ ಮುದುಡಿಕೊಂಡಿತ್ತು."

ದಾಸವಾಳದ ಆಯುಸ್ಸು ಒಂದು ಹಗಲು ಎಂಬುದು ಹೂ ಕೀಳುವ ಮಕ್ಕಳಿಗೂ ಗೊತ್ತು. ಕ್ಯಾಮೆರಾ ಹಿಡಿದವಳಿಗೆ ಮರೆತಿತ್ತು.

"ಬೇರೆ ಮೊಗ್ಗು?"

"ಇಲ್ಲ. ಇನ್ನೊಂದು ಬರೋವರೆಗೆ ಅವ್ವ ಇರಲ್ಲ ಗುರುಗಳೇ. ಮಗಳು ಸುಳ್ಳು ಹೇಳಿದ್ಲು ಅಂದ್ಕೊಂಡೇ ಹೋಗ್ಬಿಡ್ತಾರೆ."

ಅವಳು ಅತ್ತಳು. ಗುರುಗಳು ಎದ್ದು, ಅವಳ ಕೊರಳಿನಿಂದ ಕ್ಯಾಮೆರಾ ಬಿಡಿಸಿ ಪಕ್ಕಕ್ಕಿಟ್ಟರು.

"ಮುದುಡಿದ್ದು ಗಿಡದಲ್ಲೇ ಇದೆಯಾ?"

"ಇದೆ. ಅದನ್ನೇನು ತೋರಿಸ್ಲಿ? ಬಾಡಿ ಮುದ್ದೆಯಾಗಿದೆ."

"ಅದನ್ನೇ ಕಿತ್ತು ಅವ್ವನ ಕೈಲಿಡು. ಸುಳ್ಳು ಹೇಳಿ ಸಮಾಧಾನ ಮಾಡೋರು ಯಾರೂ ಬಾಡಿದ ಹೂವು ತರೋದಿಲ್ಲ."