ಸಮಬಾಳಿನ ಕಾಲುವೆ

ಮಕ್ಕಳೇ, ಜಾಲಿ, ಕಗ್ಗಲಿ ಮರಗಳೇ ತುಂಬಿದ ಒಂದು ಕುರುಚಲು ಕಾಡಿನ ನಡುವೆ ಹಳೆಯ ಕೆರೆಯೊಂದಿತ್ತು. ಆ ಕೆರೆಯ ದಂಡೆಯಲ್ಲಿ ನಿಂಗಕ್ಕ ಎಂಬ ಮುಳ್ಳುಹಂದಿ ಬಿಲ ಮಾಡಿಕೊಂಡು ಬದುಕಿದ್ದಳು. ಅಗೆಯುವುದರಲ್ಲಿ ಅವಳಿಗೆ ಸಮನಾದವರು ಇರಲಿಲ್ಲ. ಆದರೆ ಮುಳ್ಳು ಚುಚ್ಚೀತೆಂಬ ಭಯಕ್ಕೆ ಯಾರೂ ಅವಳ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಉಣ್ಣುವುದೂ ಒಬ್ಬಳೇ, ಮಾತಾಡಿಕೊಳ್ಳುವುದೂ ಒಬ್ಬಳೇ.

ದಂಡೆಯೆಲ್ಲ ಕೋರೆಯಪ್ಪನೆಂಬ ಕಾಡುಹಂದಿಯ ಹಿಡಿತದಲ್ಲಿತ್ತು. ಯಾರು ಏನನ್ನು ಅಗೆದು ತೆಗೆದರೂ ಅರ್ಧ ಪಾಲು ಅವನಿಗೆ ಸಲ್ಲಬೇಕು.

"ತೋಳಗಳಿಂದ ನಿಮ್ಮನ್ನು ಕಾಯುವವನು ನಾನು ತಾನೇ?" ಎನ್ನುತ್ತಿದ್ದ ಅವನು.

ಅದು ಸುಳ್ಳೇನಲ್ಲ. ಅವನ ಕೋರೆಗೆ ಹೆದರಿ ತೋಳಗಳು ದಂಡೆಯ ಕಡೆ ಸುಳಿಯುತ್ತಿರಲಿಲ್ಲ. ಆದರೂ ತಾನು ಕಷ್ಟಪಟ್ಟು ತೆಗೆದ ಗಡ್ಡೆಯನ್ನು ಅವನು ತನ್ನ ಕಣ್ಣೆದುರೇ ಕರಕರನೆ ಅಗಿಯುವಾಗ ನಿಂಗಕ್ಕನ ಹೊಟ್ಟೆ ಉರಿಯುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಜವರಣ್ಣನೆಂಬ ಮುಸುವ ಎಲ್ಲಿಂದಲೋ ಅಲ್ಲಿಗೆ ಬಂದ. ಉದ್ದ ಬಾಲ, ಕಪ್ಪು ಮುಖ, ಕೇಳಿದವರನ್ನು ಕಟ್ಟಿಹಾಕುವ ದನಿ. ಹೊಂಗೆ ಕೊಂಬೆಯ ಮೇಲೆ ಕೂತು ಎಲ್ಲರನ್ನೂ ಕರೆದ.

"ಅಣ್ಣಂದಿರೇ, ಅಕ್ಕಂದಿರೇ, ಕೆರೆಯೊಳಗೆ ಆ ದಿಬ್ಬ ಕಾಣುತ್ತಿದೆಯಲ್ಲ? ಅಲ್ಲಿಗೆ ಹೋಗಲು ಇರುವುದು ಒಂದೇ ಒಂದು ಮಣ್ಣಿನ ದಾರಿ. ಆ ದಾರಿಗೆ ಅಡ್ಡಲಾಗಿ ಕಾಲುವೆ ತೋಡೋಣ. ಆಳದ ನೀರು ನಿಂತರೆ ತೋಳ ದಾಟುವುದಿಲ್ಲ. ತೋಳ ಬಾರದಿದ್ದರೆ ಕೋರೆಯಪ್ಪನ ಹಂಗೇಕೆ? ಅಲ್ಲಿ ಯಜಮಾನನಿಲ್ಲ, ಆಳಿಲ್ಲ. ಎಲ್ಲರೂ ದುಡಿಯೋಣ, ಒಂದೇ ರಾಶಿ ಹಾಕಿ ಉಣ್ಣೋಣ. ಆ ಊರಿಗೆ ಸಮಬಾಳು ಎಂದು ಹೆಸರಿಡೋಣ!"

ನಿಂಗಕ್ಕನಿಗೆ ಮೈ ಜುಮ್ಮೆಂದಿತು. ಅವಳೂ, ಸಾಕಮ್ಮನೆಂಬ ಮೊಲವೂ, ಚಿತ್ರಯ್ಯನೆಂಬ ನವಿಲೂ, ಕಲ್ಲಜ್ಜನೆಂಬ ಆಮೆಯೂ ಜವರಣ್ಣನ ಹಿಂದೆ ಹೊರಟರು. ಸಾಕಮ್ಮನ ಮೂರು ಮರಿಗಳೂ ಕುಪ್ಪಳಿಸುತ್ತ ಜೊತೆಗೆ ಬಂದವು.

ಕಾಲುವೆ ತೋಡಿದ ದಿನ ಹಬ್ಬದ ಹಾಗಿತ್ತು. ಜವರಣ್ಣ ಕೂಡ ಮೊಣಕೈವರೆಗೂ ಕೆಸರು ಮಾಡಿಕೊಂಡ. ಸಂಜೆ ಜೇಕಿನ ಗಡ್ಡೆ, ಬೋರೆ ಹಣ್ಣು, ಎಳೆ ಹುಲ್ಲು ಎಲ್ಲವನ್ನೂ ರಾಶಿ ಹಾಕಿ ಸುತ್ತ ಕೂತರು. ಸಾಕಮ್ಮ ನೇರವಾಗಿ ಬಂದು ನಿಂಗಕ್ಕನ ಪಕ್ಕದಲ್ಲೇ ಕೂತಳು.

"ನನ್ನ ಮುಳ್ಳು..." ಎಂದಳು ನಿಂಗಕ್ಕ.

"ಇರಲಿ ಬಿಡಕ್ಕ. ಸ್ವಲ್ಪ ಮಡಚಿಕೋ, ಸಾಕು," ಎಂದಳು ಸಾಕಮ್ಮ.

ನಿಂಗಕ್ಕ ಮುಳ್ಳು ಮಡಚಿಕೊಂಡು, ತನ್ನ ಮುಂದಿದ್ದ ಗಡ್ಡೆಯನ್ನು ಸಾಕಮ್ಮನ ಕಡೆಗೆ ಸರಿಸಿದಳು. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಕಾಲುವೆಯ ಅಂಚಿನ ಮಣ್ಣು ಸಡಿಲ. ದಿನವೂ ಅಷ್ಟೋ ಇಷ್ಟೋ ಕುಸಿದು ಒಳಗೆ ಬೀಳುತ್ತಿತ್ತು. ಅದನ್ನು ಎತ್ತಿಹಾಕಲು ದಿನಕ್ಕೊಬ್ಬರಂತೆ ಪಾಳಿ ಗೊತ್ತುಮಾಡಿದರು. ಕೆಲವು ದಿನ ಎಲ್ಲವೂ ಸರಿಯಾಗಿ ನಡೆಯಿತು.

ಒಂದು ಬೆಳಿಗ್ಗೆ ನಿಂಗಕ್ಕ ನೀರು ಕುಡಿಯಲು ಹೋದಾಗ ಕಾಲುವೆಯಲ್ಲಿ ಮಣ್ಣು ಹಾಗೆಯೇ ಬಿದ್ದಿತ್ತು. ಹಿಂದಿನ ದಿನದ ಪಾಳಿ ಚಿತ್ರಯ್ಯನದು. ಹೋಗಿ ಕೇಳಿದಳು.

"ಕೆಸರು ಮೆತ್ತಿದರೆ ಗರಿ ಭಾರವಾಗಿ ಹಾರಲಿಕ್ಕೇ ಆಗುವುದಿಲ್ಲ, ನಿಂಗಕ್ಕ. ನಾಳೆ ಎರಡು ಪಾಲು ಮಾಡಿಬಿಡುತ್ತೇನೆ. ಯಾರಿಗೂ ಹೇಳಬೇಡ," ಎಂದ ಅವನು.

ನಿಂಗಕ್ಕ ಯೋಚಿಸಿದಳು. ಸಂಜೆ ಎಲ್ಲರೆದುರು ಈ ಮಾತೆತ್ತಿದರೆ ಜಗಳವಾಗುತ್ತದೆ. ಜಗಳವಾದರೆ ಯಾರಾದರೂ ಊಟದಿಂದ ಎದ್ದು ಹೋಗುತ್ತಾರೆ. ಒಬ್ಬರು ಎದ್ದರೆ ಇನ್ನೊಬ್ಬರೂ ಏಳಬಹುದು. ಅಷ್ಟಕ್ಕೂ ಎಷ್ಟು ಮಹಾ ಮಣ್ಣು? ತಾನೇ ಇಳಿದು ಎತ್ತಿಹಾಕಿದಳು.

ಸಂಜೆ ಜವರಣ್ಣ ಕೇಳಿದ, "ಕಾಲುವೆಯ ಕೆಲಸ ಆಯಿತೇ?"

ಚಿತ್ರಯ್ಯ ತಲೆ ತಗ್ಗಿಸಿದ. "ಆಯಿತು ಜವರಣ್ಣ," ಎಂದಳು ನಿಂಗಕ್ಕ.

ಚಿತ್ರಯ್ಯನ ಎರಡು ಪಾಲು ಬರಲೇ ಇಲ್ಲ. ಆಮೇಲೆ ಕಲ್ಲಜ್ಜ ತನ್ನ ಪಾಳಿಯ ದಿನ ಚಿಪ್ಪಿನೊಳಗೆ ಸೇರಿಕೊಂಡು ಗೊರಕೆ ಹೊಡೆದ. ಅದನ್ನೂ ಅವಳೇ ಮಾಡಿದಳು. ಸ್ವಲ್ಪ ದಿನಕ್ಕೆ ಜವರಣ್ಣನೂ ಬರುವುದನ್ನು ಬಿಟ್ಟ.

"ಅಕ್ಕ, ಈ ಊರಿನ ನಾಳೆಯ ಬಗ್ಗೆಯೇ ಯೋಚಿಸುತ್ತಿದ್ದೇನೆ. ನಡುವೆ ಕೆಸರಿಗೆ ಇಳಿದರೆ ಯೋಚನೆಯ ಎಳೆ ತಪ್ಪಿಹೋಗುತ್ತದೆ," ಎಂದ. ನಿಂಗಕ್ಕ ನಕ್ಕು ಕಾಲುವೆಗೆ ಇಳಿದಳು.

ತಪ್ಪದೆ ಬರುತ್ತಿದ್ದವಳು ಸಾಕಮ್ಮ ಒಬ್ಬಳೇ. ಅವಳನ್ನೂ ನಿಂಗಕ್ಕ ತಡೆದಳು. "ನಿನ್ನ ಮರಿಗಳು ಇನ್ನೂ ಚಿಕ್ಕವು, ಹೋಗಿ ನೋಡಿಕೋ. ಇಲ್ಲಿ ಎಲ್ಲರೂ ಬಂದು ಆಗಲೇ ಮುಗಿಸಿದ್ದಾರೆ," ಎಂದಳು.

"ಎಲ್ಲರೂ ಬಂದಿದ್ದರೇ?" ಸಾಕಮ್ಮನ ಮುಖ ಅರಳಿತು. "ಎಂಥ ಒಳ್ಳೆಯವರ ನಡುವೆ ಬದುಕುತ್ತಿದ್ದೇವೆ ನೋಡಕ್ಕ!"

ಆ ಮುಖ ನೋಡಿದ ಮೇಲೆ ನಿಂಗಕ್ಕನಿಗೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಕಸುವೂ ಇತ್ತು, ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತು. ಈ ಊರು ನಿಂತಿರುವುದು ತನ್ನ ಕೈಯ ಮೇಲೆ ಎಂದುಕೊಳ್ಳುವುದು ಅವಳಿಗೆ ಹಿತವಾಗಿತ್ತು.

ಚಳಿಗಾಲ ಕಳೆಯಿತು. ಒಂದು ಸಂಜೆ ಜವರಣ್ಣ ಕೊಂಬೆ ಏರಿ ನಿಂತ.

"ಗೆಳೆಯರೇ, ನೀವು ಗಮನಿಸಿದ್ದೀರಾ? ಎಷ್ಟೋ ದಿನಗಳಿಂದ ನಾನು ಯಾರಿಗೂ ಪಾಳಿ ನೆನಪಿಸಿಲ್ಲ. ಆದರೂ ಕಾಲುವೆ ಸ್ವಚ್ಛವಾಗಿದೆ! ಅಂದರೆ ಏನರ್ಥ? ಪ್ರೀತಿ ಇದ್ದ ಕಡೆ ಕೆಲಸ ತಾನಾಗಿಯೇ ಆಗುತ್ತದೆ. ಪಾಳಿ ಬೇಕಾಗುವುದು ಕಳ್ಳರಿರುವ ಊರಿಗೆ. ಇಂದಿನಿಂದ ಸಮಬಾಳಿನಲ್ಲಿ ಪಾಳಿ ಇಲ್ಲ!"

ಚಿತ್ರಯ್ಯ ಎಲ್ಲರಿಗಿಂತ ಜೋರಾಗಿ ಕೇಕೆ ಹಾಕಿದ.

ನಿಂಗಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಸಾಕಮ್ಮನ ಕಿರಿಯ ಮರಿ ಅವಳ ಕಾಲಿಗೆ ಒರಗಿ ನಿದ್ದೆ ಹೋಗಿದ್ದು ಕಂಡಿತು. ಇವತ್ತು ಬೇಡ, ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲಿಲ್ಲ.

ಬೇಸಿಗೆ ಬಂತು. ಕೆರೆಯ ನೀರು ಇಳಿಯತೊಡಗಿತು. ನೀರು ಇಳಿದಷ್ಟೂ ಕಾಲುವೆಯನ್ನು ಆಳ ಮಾಡಬೇಕು. ನಿಂಗಕ್ಕ ಬೆಳಗಿನಿಂದ ಬಿಸಿಲೇರುವ ತನಕ ಅಗೆದಳು. ಒಂದು ದಿನ ತಳದಲ್ಲಿ ಬಂಡೆ ಅಡ್ಡ ಬಂತು. ಗೀರಿದ ರಭಸಕ್ಕೆ ಅವಳ ಮುಂಗಾಲಿನ ಉಗುರು ಬುಡಸಮೇತ ಕಿತ್ತುಬಂತು. ಕಾಲು ಬಾತುಕೊಂಡು ಊರಲಾಗದೆ ಹೋಯಿತು.

ಅಂದು ಸಂಜೆ ಕುಂಟುತ್ತ ಬಂದು ಹೇಳಿದಳು. "ಕಾಲುವೆ ತುಂಬುತ್ತಿದೆ. ನನ್ನಿಂದ ಇನ್ನು ಆಗದು. ನೀವೆಲ್ಲ ಬರಬೇಕು."

"ನಿನ್ನಿಂದ ಎಂದರೆ?" ಎಂದ ಜವರಣ್ಣ.

"ಇಷ್ಟು ದಿನ ಮಣ್ಣು ತೆಗೆಯುತ್ತಿದ್ದವಳು ನಾನೊಬ್ಬಳೇ."

ಮರಿಯೊಂದಕ್ಕೆ ಜ್ವರವೆಂದು ಸಾಕಮ್ಮ ಆ ಸಂಜೆ ಪೊದೆಯಲ್ಲೇ ಉಳಿದಿದ್ದಳು. ಜವರಣ್ಣ ಕೊಂಬೆಯ ಮೇಲಿಂದ ಬಗ್ಗಿ ನೋಡಿದ.

"ಕೇಳಿದಾಗಲೆಲ್ಲ ಆಯಿತು ಎಂದವಳು, ಎಲ್ಲರೂ ಬಂದಿದ್ದರೆಂದು ಸಾಕಮ್ಮನಿಗೂ ಹೇಳಿದವಳು ನೀನೇ. ಆಗ ಸುಳ್ಳು ಹೇಳಿದೆಯೋ, ಈಗ ಹೇಳುತ್ತಿದ್ದೀಯೋ?"

"ಆಗ," ಎಂದಳು ನಿಂಗಕ್ಕ.

"ಹಾಗಾದರೆ ಸುಳ್ಳಿಯ ಮಾತನ್ನು ಇವತ್ತು ಹೇಗೆ ನಂಬುವುದು?"

ನಿಂಗಕ್ಕ ಚಿತ್ರಯ್ಯನ ಕಡೆ ತಿರುಗಿದಳು. "ನೀನಾದರೂ ಹೇಳು."

"ನನಗೇನು ಗೊತ್ತಮ್ಮ?" ಎಂದ ಚಿತ್ರಯ್ಯ. ಕೊಕ್ಕಿನಿಂದ ಗರಿ ತೀಡಿಕೊಳ್ಳತೊಡಗಿದ.

"ಯಾರು ಮಾಡಿದರು, ಯಾರು ಬಿಟ್ಟರು ಎಂಬುದು ಮೊದಲು ಇತ್ಯರ್ಥವಾಗಲಿ," ಎಂದ ಕಲ್ಲಜ್ಜ. "ಆಮೇಲೆ ಅಗೆಯುವುದು ಇದ್ದೇ ಇದೆ."

ಅದು ಅಂದು ಇತ್ಯರ್ಥವಾಗಲಿಲ್ಲ. ಮರುದಿನವೂ ಆಗಲಿಲ್ಲ. ಜ್ವರದ ಮರಿಯನ್ನು ಬಿಟ್ಟು ಏಳದ ಸಾಕಮ್ಮನಿಗೆ ಇದು ಯಾವುದೂ ತಿಳಿಯಲಿಲ್ಲ. ಅವರು ವಾದ ಮಾಡುತ್ತಲೇ ಇದ್ದರು, ಮಣ್ಣು ಕುಸಿಯುತ್ತಲೇ ಇತ್ತು. ನಿಂಗಕ್ಕ ಮೂರು ಕಾಲಿನಲ್ಲಿ ಹೋಗಿ ಮೂತಿಯಿಂದ ಮಣ್ಣು ದೂಡಿ ನೋಡಿದಳು. ದೂಡಿದಷ್ಟೂ ಮತ್ತೆ ಜಾರಿತು.

ಒಂದು ಮುಸ್ಸಂಜೆ ತೋಳಗಳು ಬಂದವು. ಕಾಲುವೆಯಲ್ಲಿ ಅವುಗಳ ಪಾದ ನೆನೆಯುವಷ್ಟೂ ನೀರಿರಲಿಲ್ಲ.

ಜವರಣ್ಣ ಕೂಗಿಕೊಂಡು ದಿಬ್ಬದ ಮರವೊಂದರ ತುದಿಗೆ ಏರಿದ. ಚಿತ್ರಯ್ಯ ಇನ್ನೊಂದು ಮರಕ್ಕೆ ಹಾರಿದ. ಕಲ್ಲಜ್ಜ ಉರುಳಿ ಕೆರೆಯ ನೀರಿಗೆ ಬಿದ್ದ. ನಿಂಗಕ್ಕ ಮಾತ್ರ ಕುಂಟುತ್ತ ಓಡಿ ಸಾಕಮ್ಮನ ಪೊದೆಗೆ ಅಡ್ಡ ನಿಂತು ಮುಳ್ಳು ಕೆದರಿದಳು. ಒಂದು ತೋಳ ಮೂಗು ಚುಚ್ಚಿಸಿಕೊಂಡು ಹಿಂದೆ ಸರಿಯಿತು. ಆದರೆ ಪೊದೆಗೆ ಎರಡು ಬದಿಗಳಿದ್ದವು, ನಿಂಗಕ್ಕ ಒಬ್ಬಳೇ ಇದ್ದಳು. ಎರಡು ಮರಿಗಳ ಚೀರಾಟ ಕೇಳಿತು, ಆಮೇಲೆ ಕೇಳಲಿಲ್ಲ. ಅವಳ ಕಾಲಿಗೆ ಒರಗಿ ಮಲಗುತ್ತಿದ್ದ ಮರಿ ಅವುಗಳಲ್ಲಿ ಒಂದು.

ಬೆಳಗಾದ ಮೇಲೆ ಜವರಣ್ಣ ಮರದಿಂದ ಇಳಿದ. "ಸಮಬಾಳು ಸೋಲಲಿಲ್ಲ, ಗೆಳೆಯರೇ. ಒಬ್ಬಳ ಅಹಂಕಾರ ಅದನ್ನು ಕೆಡವಿತು. ಎಲ್ಲರ ಕೆಲಸವನ್ನು ಕದ್ದು ಮಾಡಿದವಳು ಎಲ್ಲರನ್ನೂ ಸೋಮಾರಿಗಳನ್ನಾಗಿ ಮಾಡಿದಳು," ಎಂದ. ನಿಂಗಕ್ಕ ಸುಳ್ಳಿಯಲ್ಲ ಎಂದು ಅವನು ಒಪ್ಪಿದ್ದು ಆಗ, ಬಯ್ಯಲಿಕ್ಕೆ ಬೇಕಾದಾಗ. ಬೇರೆ ಕೆರೆ, ಬೇರೆ ದಿಬ್ಬ, ಇನ್ನೂ ಒಳ್ಳೆಯ ಜನರನ್ನು ಹುಡುಕುತ್ತೇನೆಂದು ಹೊರಟುಹೋದ. ಚಿತ್ರಯ್ಯನೂ ಅವನ ಹಿಂದೆಯೇ ಹಾರಿದ.

ಉಳಿದವರು ದಂಡೆಗೆ ಮರಳಿದರು. ಕೋರೆಯಪ್ಪ ಕೆಸರಿನಲ್ಲಿ ಹೊರಳಾಡುತ್ತಿದ್ದ.

"ಬಂದಿರಾ? ಮೊದಲು ಅರ್ಧ ಪಾಲಾಗಿತ್ತು, ಇನ್ನು ಮುಕ್ಕಾಲು," ಎಂದ. ಎಲ್ಲರೂ ಒಪ್ಪಿಕೊಂಡರು.

ನಿಂಗಕ್ಕ ಸಾಕಮ್ಮನ ಬಳಿ ಹೋದಳು. ಸಾಕಮ್ಮ ಉಳಿದ ಒಂದೇ ಮರಿಯನ್ನು ಹೊಟ್ಟೆಯಡಿ ಅವುಚಿಕೊಂಡು ಕೂತಿದ್ದಳು.

"ಸಾಕಮ್ಮ, ನನ್ನ ಕೈಲಾದದ್ದನ್ನೆಲ್ಲ ಮಾಡಿದೆ."

"ಮಾಡಿದೆ ಅಕ್ಕ. ಇಲ್ಲವೆನ್ನುವುದಿಲ್ಲ," ಎಂದಳು ಸಾಕಮ್ಮ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಆದರೆ ನಾನು ಕಾಲುವೆಗೆ ಬಂದಿದ್ದೆ. ಎಲ್ಲರೂ ಇದ್ದಾರೆ, ಹೋಗು ಎಂದು ಕಳಿಸಿದವಳು ನೀನು. ಯಾರೂ ಇಲ್ಲ ಎಂದು ಒಂದು ಮಾತು ಹೇಳಿದ್ದರೆ, ಅಲ್ಲಿದ್ದು ಅಗೆಯುತ್ತಿದ್ದೆ. ಇಲ್ಲವೇ ಅವತ್ತೇ ಮರಿಗಳನ್ನು ಕರೆದುಕೊಂಡು ಹೊರಟುಬಿಡುತ್ತಿದ್ದೆ."

ಹಾಗೆಂದು ಅವಳು ಎದ್ದು, ಮರಿಯನ್ನು ಮುಂದೆ ಬಿಟ್ಟುಕೊಂಡು, ನಿಂಗಕ್ಕನಿಂದ ದೂರ ಹೋಗಿ ಕೂತಳು.

ನೀತಿ: ಎಲ್ಲರೂ ಹೊರಬೇಕಾದ ಹೊರೆಯನ್ನು ಒಬ್ಬರೇ ಗುಟ್ಟಾಗಿ ಹೊತ್ತರೆ ಮೈಗಳ್ಳರು ಬಲಿಯುತ್ತಾರೆ, ನಂಬಿದವರು ಬಲಿಯಾಗುತ್ತಾರೆ.