ನಲವತ್ತೊಂದು ಗಂಟಿನ ಹಗ್ಗ

"ಅಜ್ಜಾರ, ರಾಜ್ಯಶಾಸ್ತ್ರ, ಸಮಾಜ ನೀತಿ ಎರಡೂ ಕೂಡಿಸಿ ಓದಿದ್ರ ಯಾವುದೂ ಪೂರ್ತಿ ಬರೂದಿಲ್ಲ ಅಂತಾರ್ರಿ. ಒಂದನ್ನ ಬಿಡ್ಲೇನ್ರಿ?"

ಕೇಳಿದವಳು ನೀಲಗಂಗಾ, ಮಠದ ಉಚಿತ ವಸತಿಯಲ್ಲಿದ್ದು ಪಿಯುಸಿ ಮುಗಿಸಿದ ಹುಡುಗಿ. ಅಧಿಕಾರ ಯಾರ ಕೈಯಲ್ಲಿರುತ್ತದೆ, ತೀರ್ಮಾನ ಹೇಗಾಗುತ್ತದೆ ಎಂಬುದು ಒಂದು ಓದು. ಶಾಲೆ, ಆಸ್ಪತ್ರೆ, ಪಿಂಚಣಿ ಜನರಿಗೆ ಹೇಗೆ ತಲುಪಬೇಕು ಎಂಬುದು ಇನ್ನೊಂದು. ವಿಶ್ವವಿದ್ಯಾಲಯದಲ್ಲಿ ಎರಡನ್ನೂ ಸೇರಿಸಿ ಒಂದೇ ಪದವಿಯಾಗಿ ಕಲಿಸುತ್ತಿದ್ದರು. ಅರ್ಜಿ ಕೊಡಲು ಮರುದಿನವೇ ಕಡೆ. ಎರಡಕ್ಕೂ ಕೈ ಹಾಕಿದರೆ ಅರ್ಧಂಬರ್ಧ ಪಂಡಿತಳಾಗುತ್ತೀ ಎಂದು ಅವಳ ಕಾಕಾ ಹೆದರಿಸಿದ್ದ. ಅವಳಿಗೆ ನಿಜಕ್ಕೂ ಭಯವಾಗಿತ್ತು.

ಅಜ್ಜಾರೆಂದರೆ ಮಠದ ಸ್ವಾಮಿಗಳು. ಕೇಳಿದ್ದಕ್ಕೆ ನೇರ ಉತ್ತರ ಕೊಡುವುದು ಅವರ ಜಾಯಮಾನವೇ ಅಲ್ಲ. ಕೂಡು ಎಂದು ಕೈ ಮಾಡಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರ ಹೆಂಗಸು. ಆ ಊರಿನ ಹೆಂಗಸರೆಲ್ಲ ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ಎರಡು ಹರದಾರಿ ದೂರದ ಪೇಟೆಗೆ ನಡೆಯುತ್ತಿದ್ದರು. ತಲೆಹೊರೆಯನ್ನು ಒಬ್ಬರೇ ಇಳಿಸಲಾಗದು, ಇಳಿಸಿದರೂ ಒಬ್ಬರೇ ಎತ್ತಿಕೊಳ್ಳಲಾಗದು. ಅದಕ್ಕೆಂದೇ ದಾರಿಯಲ್ಲಿ ಹೊರೆಗಲ್ಲು ನಿಲ್ಲಿಸುವ ಪದ್ಧತಿಯಿತ್ತು. ಎರಡು ಕಂಬ, ಮೇಲೊಂದು ಚಪ್ಪಡಿ. ಹೊರೆಯನ್ನು ಅದರ ಮೇಲೆ ಜಾರಿಸಿ, ಉಸಿರು ತೆಗೆದುಕೊಂಡು, ಮತ್ತೆ ತಲೆಗೆ ಏರಿಸಿಕೊಂಡು ಹೋಗಬಹುದು.

ಪೇಟೆಯ ಪಂಚರು ಅಂಥ ಮೂರು ಕಲ್ಲು ನಿಲ್ಲಿಸಿದ್ದರು. ಎತ್ತರ ಎಷ್ಟಿರಲಿ ಎಂದು ಕಲ್ಲುಕುಟಿಗ ಕೇಳಿದಾಗ ಹಿರಿಯ ಪಂಚರು ಎದ್ದು ನಿಂತು ತಮ್ಮನ್ನೇ ಅಳೆಯಲು ಹೇಳಿದರು, ತಲೆಯ ರುಮಾಲನ್ನು ತೆಗೆಯದೆ. ಮೂರನ್ನೂ ಪೇಟೆಯ ಬಾಗಿಲಲ್ಲೇ, ನಾಲ್ಕು ಜನ ನೋಡುವಲ್ಲಿ ನೆಟ್ಟು, ಮೇಲೆ ತಮ್ಮ ಹೆಸರು ಕೆತ್ತಿಸಿದರು. ಹೆಂಗಸರಿಗೆ ಅವು ಎಟುಕಲಿಲ್ಲ. ಕಾಗೆಗಳಿಗೆ ಮಾತ್ರ ಬಹಳ ಅನುಕೂಲವಾಯಿತು.

ಒಂದು ದಿನ ದಾರಿಯ ನಡುವಿನ ದಿಬ್ಬ ಏರುವಾಗ ಆ ಕುಂಬಾರ ಹೆಂಗಸಿನ ಬಸುರಿ ನಾದಿನಿ ಹೊರೆಯ ಸಮೇತ ಕುಸಿದಳು. ಗಡಿಗೆಗಳು ಚೂರಾದವು. ಜೀವ ಉಳಿದದ್ದೇ ದೊಡ್ಡದು. ಇನ್ನೊಬ್ಬಳಿಗೆ ಹೀಗಾಗಬಾರದು ಎಂದು ಕುಂಬಾರ ಹೆಂಗಸು ಹಟ ತೊಟ್ಟಳು. ಹಗ್ಗ ಹಿಡಿದು ಮನೆಮನೆಗೂ ಹೋಗಿ, ಹೊರೆ ಹೊರುವ ಪ್ರತಿಯೊಬ್ಬಳ ಭುಜದೆತ್ತರ ಅಳೆದು ಗಂಟು ಹಾಕಿದಳು. ಯಾರಿಗೆ ಎಲ್ಲಿ ಉಸಿರು ಕಟ್ಟುತ್ತದೆ ಎಂದು ಕೇಳಿ ನೆನಪಿಟ್ಟಳು. ಒಟ್ಟು ನಲವತ್ತೊಂದು ಗಂಟುಗಳಾದವು.

ಹಗ್ಗವನ್ನು ಪೇಟೆಯ ಚಾವಡಿಗೆ ಒಯ್ದಾಗ ಪಂಚರು ಅವಳ ಮಾತನ್ನು ಪೂರ್ತಿ ಕೇಳಿದರು. ಮೆಚ್ಚಿಕೊಂಡರು. ಕುಡಿಯಲು ಮಜ್ಜಿಗೆ ಕೊಡಿಸಿ, ಹಗ್ಗವನ್ನು ಗೂಟಕ್ಕೆ ತೂಗುಹಾಕಿಸಿ ಕಳಿಸಿದರು. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ, ಆ ಹಗ್ಗದಲ್ಲಿ ಒಬ್ಬ ಪಂಚರ ಕರುವನ್ನು ಕಟ್ಟಿದ್ದರು.

ಅವಳಿಗೆ ಅಳು ಬಂತು. ಚಾವಡಿಯ ಕಸ ಗುಡಿಸುವ ಮುದುಕ ಅದನ್ನು ನೋಡಿ ಹೇಳಿದ: "ನಿನ್ನ ಹಗ್ಗ ಖರೇನ ಐತಿ ತಂಗಿ. ಆದ್ರ ಇವರು ಹೆಂಗ ಕೂಡತಾರ, ಹೆಂಗ ಒಪ್ಪತಾರ ಅನ್ನೂದು ನಿನಗ ಗೊತ್ತಿಲ್ಲ."

ಅವಳು ಕರುವಿನ ಕೊರಳಿಂದ ಹಗ್ಗ ಬಿಚ್ಚಿಕೊಂಡು ಬಂದಳು. ಪಂಚರು ಕೂಡುವ ದಿನ ಚಾವಡಿಗೆ ನೀರು ತುಂಬುವ ಕೆಲಸ ಹಿಡಿದಳು. ಒಂದು ವರ್ಷ ನೀರು ತುಂಬುತ್ತ, ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಳು. ಎಲ್ಲರಿಗಿಂತ ಜೋರಾಗಿ ಕೂಗುವ ಪಂಚರ ಮಾತು ಒಮ್ಮೆಯೂ ನಡೆಯಲಿಲ್ಲ. ಕೊನೆಯಲ್ಲಿ ಎರಡೇ ಮಾತಾಡುವ ಎಣ್ಣೆ ವ್ಯಾಪಾರಿಯ ಕಡೆಗೇ ಉಳಿದವರು ತಲೆಯಾಡಿಸುತ್ತಿದ್ದರು. ಮತ್ತೆ, ತಮ್ಮ ಹೆಸರು ಕೆತ್ತಿದ ಯಾವುದನ್ನೂ ಅವರು ತಪ್ಪೆಂದು ಒಪ್ಪುತ್ತಿರಲಿಲ್ಲ, ಬ್ರಹ್ಮನೇ ಬಂದು ಹೇಳಿದರೂ.

ಮುಂದಿನ ಸುಗ್ಗಿಗೆ ಅವಳು ಎಣ್ಣೆ ವ್ಯಾಪಾರಿಯ ಅಂಗಡಿಗೆ ಹೋದಳು. ಹಳೆಯ ಕಲ್ಲುಗಳ ಸುದ್ದಿಯನ್ನೇ ಎತ್ತಲಿಲ್ಲ.

"ನೀವು ಎಣ್ಣಿ ತುಂಬೋ ಗಡಿಗಿನೂ ನಮ್ಮ ತಲಿ ಮ್ಯಾಲೇ ಬರತಾವ್ರಿ ಸಾವಕಾರ್ರ. ದಿಬ್ಬದ ಮ್ಯಾಲ ಒಡಿತಾವು. ಮೂರು ಕಲ್ಲು ಬೇಕಾಗ್ಯಾವ್ರಿ."

ಆ ವಾರ ಪಂಚರು ಕೂಡಿದಾಗ ವ್ಯಾಪಾರಿ ಕೊನೆಯಲ್ಲಿ ಎರಡು ಮಾತಾಡಿದ. ಉಳಿದವರು ತಲೆಯಾಡಿಸಿದರು. ಆದರೆ ಅವಳನ್ನು ಕರೆದು, ಮೂರು ಆಗದು, ಎರಡು ಕೊಡುತ್ತೇವೆ, ಎರಡೂ ಪೇಟೆಯ ಬಾಗಿಲಲ್ಲಿ, ಎಂದರು. ಚಾವಡಿಯ ರೀತಿಯನ್ನಷ್ಟೇ ಕಲಿತವಳಾಗಿದ್ದರೆ ಕೈಮುಗಿದು ಒಪ್ಪಿ ಬಂದುಬಿಡುತ್ತಿದ್ದಳು. ಅವಳ ಬೆರಳು ಮಡಿಲಲ್ಲಿದ್ದ ಹಗ್ಗದ ಮೇಲೆ ಓಡಿತು. ನಲವತ್ತೊಂದರಲ್ಲಿ ಮೂವತ್ತು ಜನ ಉಸಿರು ಕಟ್ಟುತ್ತಿದ್ದದ್ದು ದಿಬ್ಬದ ನೆತ್ತಿಯಲ್ಲಿ.

"ಎರಡು ಬ್ಯಾಡ್ರಿ, ಒಂದ ಸಾಕು. ದಿಬ್ಬದ ನೆತ್ತಿ ಮ್ಯಾಲ ಕೊಡ್ರಿ. ಎತ್ತರ ನಾ ಹೇಳತೇನಿ."

ಕೊಡುತ್ತೇವೆಂದದ್ದಕ್ಕಿಂತ ಕಡಿಮೆ ಬೇಡುವವರನ್ನು ಪಂಚರು ಅಲ್ಲಿಯವರೆಗೆ ಕಂಡಿರಲಿಲ್ಲ. ಖುಷಿಯಿಂದ ಒಪ್ಪಿದರು. ಹೆಸರು ಕೆತ್ತಿಸಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ, ಅವಳೂ ಬೇಡವೆನ್ನಲಿಲ್ಲ. ಹದಿನೈದು ದಿನದಲ್ಲಿ ಕಲ್ಲು ನಿಂತಿತು. ಮೊದಲ ದಿನ ನಾದಿನಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಹೊರೆ ಇಳಿಸಿದಳು. ಯಾರ ಕೈಯೂ ಬೇಕಾಗಲಿಲ್ಲ. ಅವಳು ನಿಂತು ಸೆರಗಿನಿಂದ ಬೆವರು ಒರೆಸಿಕೊಂಡದ್ದನ್ನು ನೋಡಿ ಈ ಹೆಂಗಸಿಗೆ ಕಣ್ಣು ತುಂಬಿ ಬಂತು. ಮರುವರ್ಷ ಇನ್ನೊಂದು ಕಲ್ಲು ಕೇಳಲು ಹೋದಳು. ಅದೂ ಸಿಕ್ಕಿತು.

ಅಜ್ಜಾರು ಕತೆ ನಿಲ್ಲಿಸಿದರು. ನೀಲಗಂಗಾಳ ಮುಖ ಅರಳಿತ್ತು. ಆದರೂ ಕಾಕಾನ ಮಾತು ಇನ್ನೂ ಅವಳನ್ನು ಬಿಟ್ಟಿರಲಿಲ್ಲ.

"ಹಂಗಾದ್ರ ಕಡೀಕ ಆಕಿ ಯಾವುದರಾಗ ಪಂಡಿತಳಾದಳ್ರಿ ಅಜ್ಜಾರ? ಹಗ್ಗದಾಗೋ, ಚಾವಡಿಯಾಗೋ?"

"ಆ ಕಲ್ಲಿನ ಮ್ಯಾಲ ಹೊರಿ ಇಳಿಸಿದವರು ಯಾರೂ ಅದನ್ನ ಕೇಳಲಿಲ್ಲ ಮಗಳ."

ನೀಲಗಂಗಾ ಎರಡೂ ಸೇರಿದ ಪದವಿಗೇ ಅರ್ಜಿ ತುಂಬಲು ಎದ್ದಳು.